ಹಗುರಗಲ್ಲಿನ ಮೇಡಂ

ಹರಪನಹಳ್ಳಿ ಬಸ್ ನಿಲ್ದಾಣದ ಎದುರಿಗೆ ಅವರ ಫ್ಲೆಕ್ಸ್ ಕಟ್ಟಿದ್ದರು. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ, ಕೆಳಗೆ ಕೈ ಮುಗಿದವರ ಸಾಲು ಸಾಲು ಮುಖಗಳು, ನಡುವೆ ನಗುತ್ತಿರುವ ಮೇಡಂ. ಆ ನಗುವನ್ನು ಎಲ್ಲಿಂದ ತಂದರೋ ತಿಳಿಯದು. ಅವರ ಕೈಕೆಳಗೆ ವರ್ಷಗಟ್ಟಲೆ ದುಡಿದ ನಾನು ಅಂಥದ್ದನ್ನು ಒಮ್ಮೆಯೂ ಕಂಡವನಲ್ಲ.

ಅದೇ ದಿನ ಖಾದರ್ ಭಾಯಿ ಫೋನ್ ಮಾಡಿದ. ಮೇಡಂ ಕಾರ್ಖಾನೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಬಣ್ಣದ ಕೆಲಸ ಮಾಡಿದವನು ಅವನು.

"ಐತ್ವಾರ ಸಭಿ ಐತಿ ದುರುಗೇಶ. ನೀನೂ ಒಂದೆರಡು ಮಾತಾಡಪ. ನಿನಗ ಕೆಲಸ ಕಲಿಸಿದಾಕಿ."

"ಕಲಿಸ್ಯಾರ, ಇಲ್ಲ ಅನ್ನಂಗಿಲ್ಲ. ಆದ್ರ ನಾ ಮೈಕ್ ಹಿಡಿದ್ರ ನಿಮ್ಮ ಸಭಿ ಕೆಡ್ತೈತಿ ಭಾಯಿ."

"ಸತ್ತೋರ ಮ್ಯಾಲೆ ಎಂಥ ಸಿಟ್ಟಲೇ ಅದು?"

"ಸತ್ತೋರು ಅವರು. ನನ್ನ ಸಿಟ್ಟು ಸತ್ತಿಲ್ಲ."

ಸಭೆಗೆ ಹೋಗಲಿಲ್ಲ. ಅಲ್ಲಿ ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಊರಿನವರಿಗೆ ಹಾಕದಿದ್ದರೂ ಗೊತ್ತಾಗುತ್ತದೆ, ಹೊರಗಿನವರಿಗೆ ಹಾಕಿದರೂ ಉಪಯೋಗವಿಲ್ಲ.

ಮೇಡಂ ದಾವಣಗೆರೆಯವರು. ಕಟ್ಟಡ ವಿನ್ಯಾಸ ಓದಿ, ದೊಡ್ಡ ಊರುಗಳಲ್ಲಿ ಕೆಲಸ ಮಾಡಿ, ಮದುವೆಯಾದ ಮೇಲೆ ನಮ್ಮೂರಿಗೆ ಬಂದರು. ಗಂಡನ ಮನೆಯವರದು ಮೆಕ್ಕೆಜೋಳದ ವ್ಯಾಪಾರ. ಕೊಟ್ಟೂರು ರಸ್ತೆಯಲ್ಲಿ ಖಾಲಿ ಬಿದ್ದಿದ್ದ ಅವರ ಹಳೆಯ ಗೋದಾಮನ್ನೇ ಮೇಡಂ ಕಾರ್ಖಾನೆ ಮಾಡಿಕೊಂಡರು. ಎಷ್ಟು ಗುಡಿಸಿದರೂ ಮೂಲೆಗಳಲ್ಲಿ ಜೋಳದ ಧೂಳು ಕೂತೇ ಇರುತ್ತಿತ್ತು. ಆ ಧೂಳಿನಲ್ಲಿ ನಾವು ಕಲ್ಲು ಮಾಡುತ್ತಿದ್ದೆವು.

ಮಾಡುತ್ತಿದ್ದೆವು ಎಂದೇ ಹೇಳಬೇಕು. ರಬ್ಬರಿನ ಅಚ್ಚಿನೊಳಗೆ ಗಾಜಿನ ನಾರು ಬೆರೆಸಿದ ಸಿಮೆಂಟನ್ನು ತೆಳ್ಳಗೆ ಹಚ್ಚಿ, ಹಿಂದೆ ಥರ್ಮಾಕೋಲ್ ಕೂರಿಸಿ, ಒಣಗಿದ ಮೇಲೆ ಬಿಡಿಸಿದರೆ ಒಂದು ಹಲಗೆ. ಖಾದರ್ ಭಾಯಿ ಅದಕ್ಕೆ ಸ್ಪಂಜಿನಲ್ಲಿ ಬಣ್ಣ ತಟ್ಟಿದರೆ ನೋಡುವವರ ಕಣ್ಣಿಗೆ ಬಂಡೆಯ ತುಂಡು. ಕಟ್ಟಡದ ಮುಂದೆ ಅಲ್ಯೂಮಿನಿಯಂ ಚೌಕಟ್ಟು ಕಟ್ಟಿ ಹಲಗೆಗಳನ್ನು ತಿರುಪಿನಿಂದ ಬಿಗಿದರೆ, ನಿನ್ನೆ ಸುಣ್ಣ ಬಳಿದ ಗೋಡೆಯಾಗಿದ್ದದ್ದು ಇವತ್ತು ಕಲ್ಲುಕಟ್ಟಡ. ಊರಿನವರು ಅದನ್ನು ಹಗುರಗಲ್ಲು ಎಂದರು. ಬೆನ್ನ ಹಿಂದೆ ಅವರನ್ನು ಹಗುರಗಲ್ಲಿನ ಮೇಡಂ ಎಂದರು. ಅವರಿಗೆ ಅದು ಗೊತ್ತಿತ್ತು, ಬೇಸರವೇನೂ ಇದ್ದಂತಿರಲಿಲ್ಲ.

ಡಿಪ್ಲೊಮಾ ಮುಗಿಸಿ ನಾನು ಅಲ್ಲಿಗೆ ಸೂಪರ್‌ವೈಸರ್ ಆಗಿ ಸೇರಿದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ ಮೊದಲ ಪ್ರಶ್ನೆ: "ಕಲ್ಲು ನೋಡೀಯೇನು?"

ನೋಡದೆ ಏನು? ನಮ್ಮ ಕೇರಿಯ ಹಿಂದೆಯೇ ಕರಿಗುಡ್ಡ. ನಮ್ಮಜ್ಜ ಅಲ್ಲಿ ಬಂಡೆ ಸೀಳಿದ, ಅವ್ವ ಜಲ್ಲಿ ಒಡೆದಳು. ಊರಿನ ಅರ್ಧ ಮನೆಗಳ ಬುನಾದಿಯಲ್ಲಿ ನಮ್ಮವರ ಕೈಯ ಕಲ್ಲಿದೆ. ಅದನ್ನೆಲ್ಲ ಹೇಳಿದೆ.

"ಒಡಿಯೋದು ಬ್ಯಾರೆ, ನೋಡೋದು ಬ್ಯಾರೆ," ಎಂದರು.

ಮರುದಿನವೇ ನನ್ನನ್ನು ಕಾರಿನಲ್ಲಿ ನೀಲಗುಂದದ ಭೀಮೇಶ್ವರ ಗುಡಿಗೆ ಕರೆದೊಯ್ದು, ಒಂದು ಗೋಡೆಯ ಮುಂದೆ ಕೂರಿಸಿ, "ನೆರಳು ಹೆಂಗ ಸರೀತೈತಿ ಬರಕೊಂತ ಕೂಡು" ಎಂದು ಹೇಳಿ ಹೋದವರು ತಿರುಗಿ ಬಂದದ್ದು ಸಂಜೆಗೆ. ಊಟದ ಮಾತಿಲ್ಲ. ಪೂಜಾರಿಯ ಮನೆಯವರು ಕರೆದು ಮಜ್ಜಿಗೆ ಕೊಟ್ಟರು. ಹಸಿವಿನಲ್ಲಿ ಅವರನ್ನು ಬೈಯುತ್ತಲೇ ನಾನು ಮೊದಲ ಸಲ ಕಲ್ಲಿನ ಮೈ ಕಂಡೆ. ಹೊತ್ತು ಏರಿದಾಗ ಚಪ್ಪಟೆಯಾಗಿದ್ದದ್ದು ಹೊತ್ತು ಇಳಿದಾಗ ಉಬ್ಬುತ್ತದೆ. ಪಕ್ಕಪಕ್ಕದ ಎರಡು ಕಲ್ಲು ಒಂದೇ ಕರಿಯಲ್ಲ. ಉಳಿ ಬಿಟ್ಟ ಗುರುತು ಒಂದರ ಹಾಗೆ ಇನ್ನೊಂದಿಲ್ಲ. ಸಂಜೆ ನನ್ನ ಚಿತ್ರಗಳನ್ನು ನೋಡಿ, "ಪರವಾಗಿಲ್ಲ, ಕುರುಡ ಅಲ್ಲ" ಎಂದರು. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಬೈಗುಳಕ್ಕೆ ಬರವಿರಲಿಲ್ಲ. ಹೊಸ ಹಲಗೆ ಬಿಡಿಸಿದ ಕೂಡಲೇ ಬರುತ್ತಿದ್ದರು. ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ ಹಲಗೆಯ ಮೇಲೆ ಒತ್ತಿ, ಒದ್ದೆಯ ಬಣ್ಣ ನೋಡಿ, "ಏನ್ರಿ ಇದು, ಕಲ್ಲಾ? ಬಿಸ್ಕತ್ ಇದ್ದಂಗೈತಿ" ಎಂದು ಎಲ್ಲರ ಎದುರಿಗೆ ಖಾದರ್ ಭಾಯಿಯನ್ನು ನಿಲ್ಲಿಸಿ ಉಗಿಯುತ್ತಿದ್ದರು. ಅವನು ಅವರಿಗಿಂತ ವಯಸ್ಸಿನಲ್ಲಿ ಹಿರಿಯ. ಅವನ ಮಗಳ ಮದುವೆಯ ಹಿಂದಿನ ದಿನವೂ ಉಗಿದದ್ದುಂಟು. ಅವನು ಸುಮ್ಮನೆ ಸ್ಪಂಜು ಹಿಂಡಿಕೊಂಡು ಮತ್ತೆ ಶುರುಮಾಡುತ್ತಿದ್ದ.

ಗಿರಾಕಿಗಳನ್ನೂ ಬಿಡುತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯ ಬಟ್ಟೆ ಅಂಗಡಿಯವರೊಬ್ಬರು ಮಹಡಿಯ ಸಜ್ಜಾದ ಮೇಲೆ ನಿಜವಾದ ಗ್ರಾನೈಟನ್ನೇ ಕೂರಿಸಬೇಕೆಂದು ಹಟ ಹಿಡಿದಿದ್ದರು. ಮೇಡಂ ಏಣಿ ಹತ್ತಿ ಆ ಸಜ್ಜಾಕ್ಕೆ ಗೆಣ್ಣಿನಿಂದ ಕುಟ್ಟಿ ನೋಡಿ, ಅಲ್ಲಿಂದಲೇ ಕೂಗಿದರು: "ಇದರ ಮ್ಯಾಲೆ ಕಲ್ಲು ಇಟ್ರ ನಿಮ್ಮ ಗಿರಾಕಿ ತಲಿ ಮ್ಯಾಲೆ ಬೀಳ್ತೈತಿ. ಮಂದಿ ಸಾಯ್ಬೇಕಂತಿದ್ರ ಬ್ಯಾರೆಯವ್ರನ್ನ ಕರೀರಿ." ಅಂಗಡಿ ತುಂಬ ಜನ. ಅಂಗಡಿಯವರ ಬೀಗರೂ ಇದ್ದರು. ಆ ಮನುಷ್ಯನ ಮುಖ ಕಪ್ಪಿಟ್ಟಿತು, ಆದರೆ ಕೆಲಸವನ್ನು ಅವರಿಗೇ ಕೊಟ್ಟ. ಅವರು ಹೇಳಿದ್ದು ಸರಿಯಾಗಿತ್ತು. ಅವರು ಹೇಳುತ್ತಿದ್ದದ್ದು ಯಾವಾಗಲೂ ಸರಿಯೇ ಇರುತ್ತಿತ್ತು. ಅದೇ ಅವರೊಂದಿಗಿನ ದೊಡ್ಡ ತೊಂದರೆ.

ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಬರ್ರಿ, ಹೋಗ್ರಿ ಎನ್ನುತ್ತಿದ್ದರು. ಬೈಯುವಾಗಲೂ ಕೊನೆಗೊಂದು ರಿ ಇರುತ್ತಿತ್ತು. ನನಗೆ ಮಾತ್ರ ಬಾ, ಹೋಗು. ನಾನು ಎಲ್ಲರಿಗಿಂತ ಚಿಕ್ಕವನೆಂದು ಹಾಗೆ ಕರೆಯುತ್ತಾರೆ ಅಂದುಕೊಂಡು, ಒಳಗೊಳಗೇ ಒಂದಿಷ್ಟು ಸಲಿಗೆ ಎಂದೂ ಭಾವಿಸಿ ಸಂತೋಷಪಟ್ಟಿದ್ದೆ. ಆಮೇಲೆ ಅರಸೀಕೆರೆಯ ದೊಡ್ಡ ಮನೆತನದ ಹುಡುಗನೊಬ್ಬ ಕೆಲಸಕ್ಕೆ ಸೇರಿದ. ನನಗಿಂತ ಚಿಕ್ಕವನು, ಅಳತೆ ಪಟ್ಟಿ ಹಿಡಿಯಲೂ ಬಾರದವನು. ಮೊದಲ ದಿನವೇ ಮೇಡಂ ಅವನಿಗೆ, "ಬರ್ರಿ, ಕೂಡ್ರಿ" ಎಂದರು. ನಂತರ ನನ್ನ ಕಡೆ ತಿರುಗಿ, "ದುರುಗೇಶ, ಇವರಿಗೆ ಕೆಲಸ ತೋರ್ಸು" ಎಂದರು. ತೋರಿಸಿದೆ.

ಅಷ್ಟಾದರೂ ನಮ್ಮ ಕೇರಿಯ ಭವನದ ಕೆಲಸವನ್ನು ಅವರಿಗೆ ಒಯ್ದುಕೊಟ್ಟವನು ನಾನೇ. ಅವರಷ್ಟು ಚೆನ್ನಾಗಿ ಮಾಡುವವರು ಈ ಸುತ್ತಿನಲ್ಲಿ ಇರಲಿಲ್ಲ. ನಮ್ಮ ಕೇರಿಗೆ ಒಳ್ಳೆಯದೇ ಬೇಕಿತ್ತು.

ಸರ್ಕಾರದ ಅನುದಾನದಲ್ಲಿ ಎರಡು ಮಹಡಿಯ ಭವನ ಎದ್ದಿತ್ತು. ಒಳಗೆ ಬುದ್ಧನ ಮೂರ್ತಿ, ಮೇಲೆ ಮಕ್ಕಳಿಗೆ ಓದುವ ಕೋಣೆ. ಮುಂದೆ ಮಾತ್ರ ಬೋಳು ಗೋಡೆ. ಅದಕ್ಕೆ ಕಲ್ಲಿನ ಎಲಿವೇಶನ್ ಬೇಕೆಂದು ಕೇರಿಯ ಹಿರಿಯರೆಲ್ಲ ಒಂದೇ ಮಾತಾಡಿದರು. ಸಮಿತಿಯ ಅಧ್ಯಕ್ಷರಾಗಿದ್ದ ನಮ್ಮ ದೊಡ್ಡಪ್ಪ, "ಊರ ಮಂದಿಗೆಲ್ಲ ಕಲ್ಲು ಒಡದು ಕೊಟ್ಟೀವಿ, ನಮ್ಮದಂತ ಒಂದು ಕಲ್ಲಿನ ಮನಿ ಇಲ್ಲ. ಇದಾದ್ರೂ ಇರ್ಲಿ" ಎಂದ. ನೌಕರಿಯಲ್ಲಿದ್ದವರು ಸಂಬಳದಲ್ಲಿ ವಂತಿಗೆ ಹಾಕಿದರು, ಕೂಲಿಯವರು ಕೂಲಿಯಲ್ಲಿ.

ಮೇಡಂ ಬಂದು ನೋಡಿದರು. ಸಜ್ಜಾಕ್ಕೆ ಕುಟ್ಟಿದರು. "ಕಂತ್ರಾಟುದಾರ ಕಬ್ಬಿಣ ತಿಂದಾನ. ಇದು ಕಲ್ಲಿನ ಭಾರ ತಡಿಯಂಗಿಲ್ಲ, ಹಗುರಾಗಿದ್ದೇ ಹಾಕ್ಬೇಕು" ಎಂದರು. ದೊಡ್ಡಪ್ಪನಿಗೆ ಕೊಂಚ ನಿರಾಸೆಯಾಯಿತು. ಆದರೂ ಕರಿಗುಡ್ಡದ ಕಡೆ ಕೈ ತೋರಿಸಿ ಕೇಳಿದ: "ಆ ಗುಡ್ಡದ ಕಲ್ಲಿನಂಗ ಕಾಣಬೇಕ್ರಿ ಮೇಡಂ. ಆಗ್ತೈತೇನ್ರಿ?"

"ಆಗ್ತೈತಿ," ಎಂದರು.

ದರದಲ್ಲಿ ರಿಯಾಯಿತಿಯನ್ನು ನಾವು ಕೇಳಲೂ ಇಲ್ಲ, ಅವರು ಕೊಡಲೂ ಇಲ್ಲ.

ಅದಕ್ಕೂ ಸ್ವಲ್ಪ ಮೊದಲು ಕೊಟ್ಟೂರಿನ ಕಲ್ಯಾಣ ಮಂಟಪವೊಂದರ ಕೆಲಸ ನಡೆದಿತ್ತು. ಅಲ್ಲಿಗೆ ಹಲಗೆ ಮಾಡುವಾಗ ಒಂದು ಅಚ್ಚು ಹರಿದು, ಅದರಲ್ಲಿ ಎರಕವಾದ ಹಲಗೆಗಳ ಮೇಲೆಲ್ಲ ಕೋಳಿಕಾಲಿನಂಥ ಒಂದೇ ಸೀಳು ಮೂಡಿಬಿಟ್ಟಿತ್ತು. ಮಂಟಪದ ಸಾಹುಕಾರರು ನೋಡಿ, "ಇರ್ಲಿ ಬಿಡ್ರಿ ಮೇಡಂ, ಯಾರು ಎಣಸ್ತಾರ" ಎಂದರು. ಮೇಡಂ ಒಪ್ಪಲಿಲ್ಲ. "ಕಲ್ಲು ಒಂದೇ ಸೀಳನ್ನ ಎರಡು ಸಲ ಸೀಳಂಗಿಲ್ಲ. ಇಂಥದ್ದನ್ನ ನಾನು ಮಾಡಿದ ಗೋಡಿಗೆ ಹಾಕಂಗಿಲ್ಲ" ಎಂದು ಅಷ್ಟನ್ನೂ ರಿಜೆಕ್ಟ್ ಮಾಡಿಸಿದರು. ನಾನೇ ಅವನ್ನು ಗೋದಾಮಿನ ಹಿಂದೆ ಒಟ್ಟಿಸಿದ್ದೆ. ಅವತ್ತು ಅವರ ಮೇಲೆ ನನಗೆ ಗೌರವ ಬಂದಿತ್ತು. ಇಂಥವರ ಕೈಯಲ್ಲಿ ನಮ್ಮ ಭವನ ಚೆನ್ನಾಗಾಗುತ್ತದೆ ಎಂದು ಅವ್ವನಿಗೆ ಹೇಳಿಯೂ ಇದ್ದೆ.

ಭವನಕ್ಕೆ ಹಲಗೆ ಕೂರಿಸುವ ಹೊತ್ತಿಗೆ ಮೇಡಂ ನನ್ನನ್ನು ಹಡಗಲಿಯ ಆಸ್ಪತ್ರೆಯೊಂದರ ಕೆಲಸಕ್ಕೆ ಕಳಿಸಿದರು. ಮರಳಿ ಬಂದದ್ದು ಬುದ್ಧ ಪೂರ್ಣಿಮೆಯ ಹಿಂದಿನ ದಿನ. ಬೆಳಗಾದರೆ ಭವನದ ಉದ್ಘಾಟನೆ. ಬಸ್ಸಿಳಿದು ನೇರ ಕೇರಿಗೆ ನಡೆದೆ. ದೂರದಿಂದ ನೋಡಿದಾಗ ಎದೆ ಉಬ್ಬಿತು. ಕಲ್ಲಿನ ಭವನವೇ. ಹತ್ತಿರ ಹೋದೆ. ಬಾಗಿಲ ಬಲಕ್ಕೊಂದು ಕೋಳಿಕಾಲು. ಎಡಕ್ಕೆ ಅದೇ ಕೋಳಿಕಾಲು. ಮೇಲೆ, ಕಿಟಕಿಯ ಪಕ್ಕ, ಸಜ್ಜಾದ ಕೆಳಗೆ, ಎಲ್ಲಿ ನೋಡಿದರೂ ಅದೇ. ಬಣ್ಣ ಕೂಡ ಕರಿಗುಡ್ಡದ್ದಾಗಿರಲಿಲ್ಲ, ಕೊಟ್ಟೂರಿನ ಮಂಟಪದ ಕೆಂಪು ಹಾಗೆಯೇ ಇತ್ತು.

ಕಾರ್ಖಾನೆಗೆ ಹೋದೆ. ಮೇಡಂ ಕಂಪ್ಯೂಟರ್ ಮುಂದೆ ಕೂತಿದ್ದರು.

"ನಮ್ಮ ಭವನಕ್ಕ ಕೊಟ್ಟೂರಿನ ರಿಜೆಕ್ಟ್ ಮಾಲು ಹಾಕ್ಯಾರ ಮೇಡಂ."

"ಹೌದು, ನಾನೇ ಹಾಕ್ಸೀನಿ."

"ಯಾಕ?"

"ಗಟ್ಟಿ ಅದಾವ. ಬೀಳಂಗಿಲ್ಲ, ಸೋರಂಗಿಲ್ಲ. ಮತ್ತೇನು ಬೇಕು?"

"ಒಂದೇ ಸೀಳು ಎಲ್ಲಾ ಕಡಿ ಕಾಣ್ತೈತಿ."

"ನೀನು ಈ ಕೆಲಸದಾಗ ಅದೀ, ನಿನಗ ಕಾಣ್ತೈತಿ. ನಿಮ್ಮ ಮಂದಿ ಅದನ್ನೆಲ್ಲಿ ನೋಡ್ತಾರ? ಕಲ್ಲು ಕಂಡ್ರ ಸಾಕು ಅವ್ರಿಗೆ."

"ಕೊಟ್ಟೂರಿನ ಸಾವ್ಕಾರ್ರು ಇರ್ಲಿ ಬಿಡ್ರಿ ಅಂದ್ರೂ ನೀವು ಬಿಡ್ಲಿಲ್ಲಲ್ಲ ಮೇಡಂ?"

ಅವರು ಕಂಪ್ಯೂಟರ್ ಕಡೆ ತಿರುಗಿದರು. "ಅದು ಬ್ಯಾರೆ," ಎಂದರು.

ಅವರು ಸಿಟ್ಟಿನಲ್ಲಿ ಹೇಳಿದ್ದರೆ ಮರೆಯಬಹುದಿತ್ತೇನೋ. ಹವಾಮಾನ ಹೇಳಿದಷ್ಟು ಸಹಜವಾಗಿ ಹೇಳಿದರು. ನಾನು ಕೈಯಲ್ಲಿದ್ದ ಸೈಟಿನ ಬೀಗದ ಕೈಗಳನ್ನು ಅವರ ಮೇಜಿನ ಮೇಲಿಟ್ಟು ಹೊರಬಂದೆ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ಕೇರಿಗೆ ಬಂದು ಭವನದ ಮುಂದೆಯೇ ಎಲ್ಲವನ್ನೂ ಹೇಳಿದೆ. ದೊಡ್ಡಪ್ಪ ತಲೆ ತಗ್ಗಿಸಿ ಕೂತ. ಆಮೇಲೆ, "ನಾಳಿ ಉದ್ಘಾಟನಿ ಐತಿ, ಪರಊರಿಂದ ಮಂದಿ ಬರ್ತಾರ. ಇದನ್ನ ಇಲ್ಲಿಗೇ ಮುಚ್ಚಿಬಿಡೂಣು. ನಾವು ಹೇಳದಿದ್ರ ಯಾರಿಗೂ ಗೊತ್ತಾಗಂಗಿಲ್ಲ" ಎಂದ.

ಅವ್ವ ರಂಗೋಲಿಗೆ ಅಂಗಳ ಸಾರಿಸುತ್ತಿದ್ದವಳು ಕೈ ತೊಳೆದುಕೊಂಡು ಬಂದು ಗೋಡೆಯ ಕೆಳಗೆ ನಿಂತು ಮೇಲೆ ನೋಡಿದಳು.

"ನಮಗ ಗೊತ್ತಾತಲ್ಲ ಭಾವ," ಎಂದಳು. ನನ್ನ ಕಡೆ ತಿರುಗಿ ಕೇಳಿದಳು: "ಎಷ್ಟು ಭಾರ ಅದಾವಲೇ ಅವು?"

"ಒಬ್ಬಾಕಿ ಎತ್ತಬಹುದವ್ವ. ಬುಟ್ಟಿ ಜಲ್ಲಿಗಿಂತ ಹಗುರ."

"ಹಂಗಾದ್ರ ಇಳಸು."

ಸಾರವೆಯನ್ನು ಇನ್ನೂ ಬಿಚ್ಚಿರಲಿಲ್ಲ. ನಾನು ಮತ್ತು ಕೇರಿಯ ನಾಲ್ಕಾರು ಗಂಡಸರು ಹತ್ತಿ ಸಂದಿನ ಅಂಟನ್ನು ಚಾಕುವಿನಿಂದ ಸೀಳಿ ತಿರುಪು ಬಿಚ್ಚುತ್ತ ಹೋದೆವು. ಕೆಳಗೆ ಹೆಂಗಸರು ಸೀರೆಯ ತುಂಡಿನಿಂದ ಸಿಂಬಿ ಸುತ್ತಿಕೊಂಡು ತಲೆ ಒಡ್ಡಿದರು. ಮೊದಲ ಹಲಗೆ ಅವ್ವನ ತಲೆಯ ಮೇಲೆ ಕೂತಿತು. ಎರಡನೆಯದನ್ನು ಚಿಕ್ಕವ್ವ ಹುಲಿಗೆವ್ವ ಹೊತ್ತಳು. ಆಮೇಲೆ ಸಾಲೇ ಸಾಲು.

ಅವತ್ತು ಹರಪನಹಳ್ಳಿ ಕಂಡ ನೋಟವನ್ನು ನೋಡಿದವರು ಇನ್ನೂ ಹೇಳುತ್ತಾರೆ. ಹಾಸುಬಂಡೆಯಂಥ ದಪ್ಪ ಕಲ್ಲುಗಳನ್ನು ತಲೆಯ ಮೇಲಿಟ್ಟುಕೊಂಡು ಹೆಂಗಸರು ಒಬ್ಬರ ಹಿಂದೊಬ್ಬರು ಹೊರಟಿದ್ದಾರೆ. ಕೆಲವರು ಕೈಯನ್ನೂ ಹಿಡಿದಿಲ್ಲ. ಎಲೆಅಡಿಕೆ ಜಗಿಯುತ್ತಿದ್ದಾರೆ, ಮಾತಾಡಿಕೊಳ್ಳುತ್ತಿದ್ದಾರೆ. ಬಸ್ ನಿಲ್ದಾಣದ ಹತ್ತಿರ ಜನ ದಾರಿ ಬಿಟ್ಟು ಸರಿದರು. ಚಹಾದಂಗಡಿಯವನು ಲೋಟ ಕೈಯಲ್ಲೇ ಹಿಡಿದು ಹೊರಗೆ ಬಂದ. ಮೆಕ್ಕೆಜೋಳದ ಚೀಲ ಇಳಿಸುತ್ತಿದ್ದ ಹಮಾಲರಲ್ಲಿ ಒಬ್ಬ ಓಡಿಬಂದು, "ಯವ್ವಾ, ಸೊಂಟ ಮುರೀತೈತಿ, ನಾ ಹೊರ್ತೀನಿ ಕೊಡು" ಎಂದು ಹುಲಿಗೆವ್ವನ ಹಲಗೆಗೆ ಕೈ ಹಾಕಿ, ಭಾರಕ್ಕೆಂದು ಮೈ ಬಿಗಿಮಾಡಿ ಎತ್ತಿದವನು ಹಲಗೆಯ ಸಮೇತ ಹಿಂದಕ್ಕೆ ಜೋಲಿ ಹೊಡೆದ. ಸುತ್ತ ನಿಂತವರು ನಕ್ಕರು. "ಇದೆಂಥ ಕಲ್ಲವ್ವ?" ಎಂದ. "ಮೇಡಂನ ಕೇಳು, ಅಲ್ಲಿಗೇ ಹೊಂಟೀವಿ" ಎಂದಳು ಹುಲಿಗೆವ್ವ. ಆಮೇಲೆ ನೋಡುವವರೂ ಹಿಂದೆ ಬಂದರು.

ಗೋದಾಮಿನ ಗೇಟಿನ ಮುಂದೆ ಹಲಗೆಗಳನ್ನು ಒಂದರ ಮೇಲೊಂದು ಒಟ್ಟಿದರು. ಯಾರೂ ಎಸೆಯಲಿಲ್ಲ, ಒಂದರ ಮೂಲೆಯೂ ಮುರಿಯಲಿಲ್ಲ. ಮೇಡಂ ಹೊರಗೆ ಬಂದರು. ಗುಂಪು ನೋಡಿದರು, ಹಲಗೆ ನೋಡಿದರು, ನನ್ನನ್ನು ನೋಡಿದರು.

ಅವ್ವ ಸಿಂಬಿ ಬಿಚ್ಚಿ ಕೊಡವಿದಳು. "ನಾವು ಹುಟ್ಟಿದಾಗಿಂದ ಕಲ್ಲು ಹೊತ್ತೀವ್ರಿ ಮೇಡಂ. ಇಷ್ಟು ಹಗುರ ಕಲ್ಲು ಹೊತ್ತಿದ್ದು ಇವತ್ತೇ. ಕಲ್ಲು ಹಗುರ ಇದ್ರ ಇರ್ಲಿ, ನಮಗೇನೂ ಬ್ಯಾಸ್ರಿಲ್ಲ. ನಮ್ಮನ್ನ ಹಗುರ ಮಾಡಬ್ಯಾಡ್ರಿ."

ಅಷ್ಟೂ ಜನ ಅವರ ಉತ್ತರಕ್ಕೆ ಕಾದರು. ಖಾದರ್ ಭಾಯಿ ಒಳಗಿನ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

"ಗೇಟಿಗೆ ಅಡ್ಡ ಇಟ್ಟೀರಿ," ಎಂದರು ಮೇಡಂ. "ಲಾರಿ ಬರೋದೈತಿ. ಪಕ್ಕಕ್ಕ ಸರಸ್ರಿ."

ಹೀಗೆ ಹೇಳಿ ಒಳಗೆ ಹೋದರು. ಹೆಂಗಸರು ಸರಿಸಲಿಲ್ಲ.

ಮರುದಿನ ಬೋಳು ಗೋಡೆಯ ಮೇಲೆ ಚೆಂಡುಹೂವಿನ ಮಾಲೆ ಇಳಿಬಿಟ್ಟು ಉದ್ಘಾಟನೆ ಮಾಡಿದೆವು. ಹೊರಊರಿನಿಂದ ಬಂದವರಿಗೆ ಗೋಡೆ ಯಾಕೆ ಹೀಗಿದೆ ಎಂದು ದೊಡ್ಡಪ್ಪನೇ ಮೈಕಿನಲ್ಲಿ ಹೇಳಿದ. ಮುಚ್ಚಿಡೋಣ ಎಂದವನು ಅವನೇ. ಹೇಳುವಾಗ ಅವನ ದನಿ ಎಲ್ಲರಿಗಿಂತ ಜೋರಾಗಿತ್ತು.

ಮೇಡಂ ಬರುತ್ತಾರೆಂದು ನಾವ್ಯಾರೂ ಎಣಿಸಿರಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಕಾರು ಕರಿಗುಡ್ಡದ ಬುಡದಲ್ಲಿ ನಿಂತಿತ್ತು. ಒಬ್ಬರೇ ಬಂಡೆಯಿಂದ ಬಂಡೆಗೆ ಓಡಾಡಿ ರಬ್ಬರ್ ಹಚ್ಚಿ ಅಚ್ಚು ತೆಗೆಯುತ್ತಿದ್ದರು. ಮತ್ತೆ ಮತ್ತೆ ಬಂದರು. ಯಾರೊಂದಿಗೂ ಮಾತಿಲ್ಲ. ಕೇರಿಯವರು ನೀರು ಬೇಕೇನ್ರಿ ಎಂದರೆ ತಲೆಯಾಡಿಸಿ ಬೇಡವೆಂದು, ಕಾರಿನಲ್ಲಿ ಕೂತು ತಮ್ಮ ಡಬ್ಬಿಯ ಊಟ ಮಾಡುತ್ತಿದ್ದರು. ಚಳಿಗಾಲದಲ್ಲಿ ಹಲಗೆಗಳು ಬಂದವು. ಮೇಡಂ ತಾವೇ ಸಾರವೆ ಹತ್ತಿ, ಒಂದೊಂದನ್ನೂ ತಿರುಗಿಸಿ ನೋಡಿ, ಇದು ಇಲ್ಲಿ, ಅದು ಅಲ್ಲಿ ಎಂದು ಕೂರಿಸಿದರು. ಆಗ ನಾನು ದಾವಣಗೆರೆಯಲ್ಲಿ ಬೇರೆ ಕಂಪನಿಗೆ ಸೇರಿದ್ದೆ. ರಜೆಗೆ ಬಂದವನು ಸಾರವೆಯ ಕೆಳಗೆ ನಿಂತು ನೋಡುತ್ತಿದ್ದಾಗ ಅವರು ಮೇಲಿಂದ, ಏನೂ ಆಗಿಲ್ಲವೆಂಬಂತೆ, "ದುರುಗೇಶ, ಆ ಲೆವೆಲ್ ಕೊಡು" ಎಂದರು. ಮಟ್ಟ ನೋಡುವ ಲೆವೆಲ್ ನನ್ನ ಕಾಲ ಬುಡದಲ್ಲೇ ಇತ್ತು. ನಾನು ಕೊಡಲಿಲ್ಲ. ಅವರೇ ಇಳಿದುಬಂದು ತೆಗೆದುಕೊಂಡು ಹೋದರು.

ಕೆಲಸ ಮುಗಿದ ದಿನ ಬಿಲ್ಲು ಕೇಳಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ. ಕಾರು ಹತ್ತಿ ಹೋದರು. ನಾನು ಅವರನ್ನು ಮತ್ತೆ ನೋಡಲಿಲ್ಲ.

ಅವರ ಪರವಾಗಿ ಮಾತಾಡುವವರೆಲ್ಲ ಈ ಗೋಡೆಯನ್ನೇ ತೋರಿಸುತ್ತಾರೆ. ತೋರಿಸಲಿ, ಅದು ಅಷ್ಟು ಚೆನ್ನಾಗಿದೆ. ಅವರು ಹರಪನಹಳ್ಳಿಯಿಂದ ಹಡಗಲಿಯವರೆಗೆ ಮಾಡಿದ ಎಷ್ಟೋ ಎಲಿವೇಶನ್‌ಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಹಿಂದಿನ ಗುಡ್ಡ ಯಾವುದು, ಮುಂದಿನ ಗೋಡೆ ಯಾವುದು ಎಂದು ಕಣ್ಣು ತಡವರಿಸುತ್ತದೆ. ಒಂದು ಕಲ್ಲಿನಂತೆ ಇನ್ನೊಂದಿಲ್ಲ.

ಅವರು ತೀರಿಕೊಂಡ ವಾರ ನಾನು ಊರಿಗೆ ಬಂದಾಗ ಅವ್ವ ಭವನದ ಮುಂದೆ ನಿಂತು ಗೋಡೆಯ ಮೇಲೆ ಕೈಯಾಡಿಸುತ್ತಿದ್ದಳು.

"ನಮ್ಮ ಗುಡ್ಡದ ಕಲ್ಲೇ ನೋಡು. ಉಳಿ ಏಟು ಸುದ್ದ ಬಂದೈತಿ," ಎಂದಳು. "ಹೋಗ್ಲಿ ಬಿಡಪ್ಪ. ಕಡೀಗರ ಮಾಡಿಕೊಟ್ಲಲ್ಲ ಪುಣ್ಯಾತ್ಗಿತ್ತಿ. ಎಷ್ಟಂತ ಸಿಟ್ಟು ಇಟ್ಕೊಂತಿ?"

"ಕೈಲಾಗದಾಕಿ ಆಗಿದ್ರ ನಾನೂ ಬಿಡ್ತಿದ್ನೆವ್ವ," ಎಂದೆ. "ಕೆಲಸ ಬರದವ್ರು ಕೆಟ್ಟದ್ದು ಕೊಟ್ರ ಪಾಪ ಅನ್ನಬಹುದು. ಆಕಿಗೆ ಇಷ್ಟು ಚಂದ ಮಾಡಾಕ ಬರ್ತಿತ್ತು. ಮೊದಲೇ ಬರ್ತಿತ್ತು. ಮತ್ತ ಮೊದಲೇ ಯಾಕ ಮಾಡ್ಲಿಲ್ಲ?"

ಅವ್ವ ಗೋಡೆಯ ಮೇಲಿಂದ ಕೈ ತೆಗೆದಳು.